ಸೋರೆಬುರುಡೆಯಲ್ಲಿ ಗುಬ್ಬಚ್ಚಿಗೆ ಗೂಡು ಮಾಡುವುದು ಹೇಗೆ?

ಪ್ರಶ್ನೆ: ಬಳ್ಳಿಯಲ್ಲೇ ಬಲಿತ ಸೋರೆಕಾಯಿಯೊಂದನ್ನು ತೊಟ್ಟಿನ ಸಮೇತ ಕೊಯ್ದು, ಎರಡು ತಿಂಗಳಿಂದ ಅಟ್ಟದಲ್ಲಿ ತೂಗುಹಾಕಿದ್ದೇನೆ. ಈಗ ಸಿಪ್ಪೆಯ ಮೇಲೆಲ್ಲ ಕಪ್ಪು ಬೂಷ್ಟು ಹಬ್ಬಿದೆ. ಇದು ಗೂಡಿಗೆ ಯೋಗ್ಯವೇ? ರಂಧ್ರ ಎಷ್ಟು ಅಗಲವಿರಬೇಕು?

ಉತ್ತರ: ದಯವಿಟ್ಟು ಎಸೆಯಬೇಡಿ, ಒಳಗಿನ ನೀರು ಆರುವಾಗ ಬೂಷ್ಟು ಬರುವುದು ಸಹಜ, ಒತ್ತಿದಾಗ ಮೆತ್ತಗಾದರೆ ಮಾತ್ರ ಕಾಯಿ ಕೊಳೆತಿದೆ ಎಂದರ್ಥ. ಬುರುಡೆ ಹಗುರಾಗಿ, ಅಲುಗಿಸಿದಾಗ ಬೀಜಗಳು ಗಲಗಲ ಸದ್ದು ಮಾಡುವವರೆಗೆ ಕಾದು, ಬಳಿಕ ಬಿಸಿನೀರಿನಲ್ಲಿ ನೆನೆಸಿ ಹೊರಸಿಪ್ಪೆಯನ್ನು ಉಜ್ಜಿ ತೆಗೆಯಿರಿ. ಗುಬ್ಬಚ್ಚಿಗೆ ಸುಮಾರು 32 ಮಿಲಿಮೀಟರ್ ಅಗಲದ ರಂಧ್ರ ಸಾಕು. ಒಣಗಿದ ತಿರುಳನ್ನು ಕೆದಕುವಾಗ ಏಳುವ ಧೂಳು ಉಸಿರಾಟಕ್ಕೆ ತೊಂದರೆ ಕೊಡುವುದರಿಂದ ಮೂಗಿಗೆ ಮಾಸ್ಕ್ ಇರಲಿ.

ಮತ್ತೊಂದು ಉತ್ತರ: ಮೇಲಿನವರು ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ. ಮಳೆನೀರು ನಿಲ್ಲದಂತೆ ತಳದಲ್ಲಿ ನಾಲ್ಕೈದು ಸಣ್ಣ ತೂತುಗಳನ್ನು ಕೊರೆಯಿರಿ. ರಂಧ್ರದ ಕೆಳಗೆ ಕೂರಲು ಕಡ್ಡಿ ಸಿಕ್ಕಿಸುವುದು ನೋಡಲು ಚೆಂದವೇ ಹೊರತು ಗುಬ್ಬಿಗೆ ಅದರ ಅಗತ್ಯವಿಲ್ಲ. ಮರಿಗಳಿಗೆ ಹೊಂಚುಹಾಕುವ ಕಾಗೆಗೇ ಅದು ಅನುಕೂಲ. ಒಳಗೆ ಬಣ್ಣ ಬಳಿಯಬೇಡಿ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ವಂದನೆಗಳು. ಒತ್ತಿ ನೋಡಿದೆ, ಗಟ್ಟಿಯಾಗಿಯೇ ಇದೆ. ಆದರೆ ಬೀಜಗಳಿನ್ನೂ ಸದ್ದು ಮಾಡುತ್ತಿಲ್ಲವಾದ್ದರಿಂದ ಮತ್ತೊಂದು ತಿಂಗಳು ಹಾಗೆಯೇ ಬಿಡುತ್ತೇನೆ.