ಕುತ್ತಿಗೆಯಲ್ಲಿ ನೀರುಗಂಟು: ತೆಗೆಸಬೇಕಾ, ಕಾಯಬೇಕಾ? (ಗ್ರೂಪಿನಲ್ಲಿ ನಡೆದ ಮಾತುಕತೆ)

ಹಾವೇರಿ ಸದಸ್ಯೆ: ನಮಸ್ಕಾರ ಸರ್. ನಮ್ಮ ಮನೆಯವರಿಗೆ 48 ವರ್ಷ. ಎಡ ದವಡೆಯ ಕೆಳಗೆ ನಿಂಬೆಹಣ್ಣಿನಷ್ಟು ಗಂಟು, ಎರಡು ತಿಂಗಳಾಯಿತು. ನೋವಿಲ್ಲ, ಜ್ವರವಿಲ್ಲ. ಸ್ಕ್ಯಾನಿಂಗ್‌ನಲ್ಲಿ ನೀರು ತುಂಬಿದ ಗಂಟು ಅಂದರು. ಸೂಜಿ ಹಾಕಿ ನೋಡಿದಾಗ ಕ್ಯಾನ್ಸರ್ ಕಣ ಸಿಗಲಿಲ್ಲ. ಹುಟ್ಟಿನಿಂದ ಉಳಿದದ್ದು, ಕೊಯ್ದು ತೆಗೆದರೆ ಆಯ್ತು ಅಂತಾರೆ. ತೆಗೆಸಲಾ?

ಡಾಕ್ಟರ್ (ಕಿವಿ ಮೂಗು ಗಂಟಲು, ಹುಬ್ಬಳ್ಳಿ): ಅಕ್ಕಾರೆ, ಈಗಲೇ ಬೇಡ. ಹುಟ್ಟಿನಿಂದ ಉಳಿಯುವ ಈ ನೀರುಗಂಟು (ಬ್ರಾಂಕಿಯಲ್ ಸಿಸ್ಟ್) ಸಾಮಾನ್ಯವಾಗಿ ಹರೆಯದಲ್ಲೇ ಕಾಣಿಸುತ್ತದೆ. 40 ದಾಟಿದ ಮೇಲೆ ಹೊಸದಾಗಿ ಬಂದರೆ, ಕ್ಯಾನ್ಸರ್ ಅಲ್ಲ ಅಂತ ಖಾತ್ರಿಯಾಗುವವರೆಗೆ ನಾನು ಬಿಡುವುದಿಲ್ಲ. ಟಾನ್ಸಿಲ್‌ನಲ್ಲೋ ನಾಲಿಗೆಯ ಬುಡದಲ್ಲೋ ಸಣ್ಣ ಗಡ್ಡೆ ಅಡಗಿರಬಹುದು, ಗಂಟಲಲ್ಲಿ ಏನೂ ಗೊತ್ತಾಗುವುದಿಲ್ಲ. ಅದು ಕುತ್ತಿಗೆಯ ಗ್ರಂಥಿಗೆ ಹರಡಿ, ಒಳಗೆ ನೀರಾಗುತ್ತದೆ. ಥೈರಾಯ್ಡ್ ಕ್ಯಾನ್ಸರೂ ಹೀಗೇ ಬರಬಹುದು. ಬರೀ ನೀರು ಎಳೆದರೆ ಕ್ಯಾನ್ಸರ್ ಕಣ ಸಿಗದೇ ಹೋಗಬಹುದು. ಸ್ಕ್ಯಾನಿಂಗ್‌ನಲ್ಲಿ ನೋಡಿಕೊಳ್ಳುತ್ತಾ ಗಂಟಿನ ಗೋಡೆಯಿಂದ ಇನ್ನೊಮ್ಮೆ ಎಫ್‌ಎನ್‌ಎಸಿ (ಸೂಜಿ ಪರೀಕ್ಷೆ) ಮಾಡಿಸಿ. ಆ ನೀರಿನಲ್ಲಿ ಥೈರೋಗ್ಲೋಬ್ಯುಲಿನ್ (ಥೈರಾಯ್ಡ್ ಕಣಗಳು ಮಾಡುವ ಪ್ರೋಟೀನ್) ನೋಡಲಿ, ಟಿಬಿ ಇದೆಯಾ ಅಂತ ಸಿಬಿನ್ಯಾಟ್ ಪರೀಕ್ಷೆಯೂ ಆಗಲಿ. ನಮ್ಮಲ್ಲಿ ಟಿಬಿ ಗಂಟೂ ಜಾಸ್ತಿ. ಎಂಡೋಸ್ಕೋಪಿಯಿಂದ ಗಂಟಲು ನೋಡಿಸಿ, ಕುತ್ತಿಗೆಗೆ ಕಾಂಟ್ರಾಸ್ಟ್ ಸಿಟಿ (ಔಷಧಿ ಚುಚ್ಚಿ ತೆಗೆಯುವ ಸಿಟಿ ಸ್ಕ್ಯಾನ್) ಮಾಡಿಸಿ. ಮೊದಲೇ ಕೊಯ್ದರೆ, ಕ್ಯಾನ್ಸರ್ ಆಗಿದ್ದಲ್ಲಿ ಮುಂದಿನ ಚಿಕಿತ್ಸೆ ಕಷ್ಟವಾಗುತ್ತದೆ. ಗುಟ್ಕಾ ತಿನ್ನುತ್ತಾರಾ?

ಹಾವೇರಿ ಸದಸ್ಯೆ: ಇಲ್ಲ ಸರ್. ಬೀಡಿನೂ ಇಲ್ಲ.

ಡಾಕ್ಟರ್: ಆದರೂ ಬಿಡಬೇಡಿ. ಎಚ್‌ಪಿವಿ ಅನ್ನೋ ವೈರಸ್‌ನಿಂದ ಬರುವ ಗಂಟಲ ಕ್ಯಾನ್ಸರ್‌ಗೆ ತಂಬಾಕು ಬೇಕಿಲ್ಲ.

ನವಲಗುಂದ ಸದಸ್ಯ: ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತಾ ಸರ್?

ಡಾಕ್ಟರ್: ಆ ಹೆದರಿಕೆಗೆ ಪರೀಕ್ಷೆ ತಪ್ಪಿಸಬೇಡಿ.

ಗದಗ ಸದಸ್ಯ: ಫಾರ್ವರ್ಡ್ ಬಂದಿದೆ. ಕೇರುಬೀಜದ ಎಣ್ಣೆ, ಸುಣ್ಣ ಹಚ್ಚಿದರೆ ಗಂಟು ಕರಗುತ್ತದೆ. ನಮ್ಮೂರಲ್ಲಿ ತುಂಬ ಜನಕ್ಕೆ ಹೋಗಿದೆ.

ಡಾಕ್ಟರ್: ದಯವಿಟ್ಟು ಹಚ್ಚಬೇಡಿ. ಎರಡೂ ಚರ್ಮ ಸುಡುತ್ತವೆ. ಬರೆ ಹಾಕಿಸುವುದೂ ಬೇಡ. ಸೋಂಕಿನಿಂದ ಊದಿದ ಗ್ರಂಥಿ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ, ಎಣ್ಣೆಯಿಂದ ಹೋಯಿತು ಅಂತ ಜನ ಅಂದುಕೊಳ್ಳುತ್ತಾರೆ.

ಗದಗ ಸದಸ್ಯ: ನಿಮಗೆ ಕೊಯ್ಯೋದೊಂದೇ ಗೊತ್ತು.

ಧಾರವಾಡ ಸದಸ್ಯೆ: ರೀ ಅಣ್ಣಾರೆ, ಅವರು ಈಗಲೇ ಕೊಯ್ಯಬೇಡಿ ಅಂದಿದ್ದು. ಓದಿ ಬರೀರಿ.

ಗದಗ ಸದಸ್ಯ: ನಿಮ್ಮನ್ನ ಕೇಳಿಲ್ಲ. ನಮ್ಮ ಅಜ್ಜ ವೈದ್ಯರಾಗಿದ್ದರು.

ಧಾರವಾಡ ಸದಸ್ಯೆ: ಅದಕ್ಕೇ ಇನ್ನೊಬ್ಬರ ಗಂಡನ ಕುತ್ತಿಗೆ ಸುಡಬೇಕಾ?

ಅಣ್ಣಿಗೇರಿ ಸದಸ್ಯ: ಸರ್, ಮಗಳಿಗೆ 19. ನಾಲಿಗೆ ಚಾಚಿದರೆ ಕುತ್ತಿಗೆ ನಡುವಿನ ಗಂಟು ಮೇಲೇರುತ್ತದೆ.

ಕುಂದಗೋಳ ಸದಸ್ಯ: ಸೂಜಿಯಿಂದ ಕ್ಯಾನ್ಸರ್ ಹರಡುತ್ತಾ?

ಡಾಕ್ಟರ್: ಮೇಲೆ ಬರೆದಿದ್ದೇನೆ.

ಗದಗ ಸದಸ್ಯ: ಗ್ರೂಪಲ್ಲಿ ಹಿರಿಯರಿಗೆ ಮರ್ಯಾದೆನೇ ಇಲ್ಲ.

ಡಾಕ್ಟರ್: ಜಗಳ ನಿಲ್ಲಿಸಿ. ಹಾವೇರಿ ಅಕ್ಕಾರೆ, ಸ್ಕ್ಯಾನ್ ಫಿಲ್ಮು, ಎಫ್‌ಎನ್‌ಎಸಿ ಸ್ಲೈಡು ಎರಡನ್ನೂ ಲ್ಯಾಬಿನಿಂದ ವಾಪಸ್ ತೆಗೆದುಕೊಂಡು ಈ ವಾರವೇ ಕರೆದುಕೊಂಡು ಬನ್ನಿ. ಬರೀ ರಿಪೋರ್ಟ್ ಸಾಲದು.

ಅಣ್ಣಿಗೇರಿ ಸದಸ್ಯ: ಸರ್, ಮಗಳದ್ದು?