ಡಿಬಗ್ಗರ್ ಕೋಡಲ್ಲಿ ಪಾಯಿಂಟರ್ ಟೈಪ್‌ಡೆಫ್‌ಗಳನ್ನ ಕಿತ್ತಾಕ್ಬೇಕಾ, ಹೆಸರು ಬದಲಿಸಿದ್ರೆ ಸಾಕಾ?

ಸಿಗ್ನಲ್11

ನಮಸ್ಕಾರ ಎಲ್ರಿಗೂ. ನಾನು ನೋಡ್ಕೊಳ್ತಿರೋ ಡಿಬಗ್ಗರ್ (ಬೇರೆ ಪ್ರೋಗ್ರಾಂ ಓಡ್ತಿರುವಾಗ ಅದರೊಳಗಿನ ತಪ್ಪು ಹುಡುಕೋ ಟೂಲ್) ಮೊದ್ಲು ಪೂರ್ತಿ ಸಿ ನಲ್ಲಿ ಇತ್ತು, ಆಮೇಲೆ ಸಿ++ ಕಂಪೈಲರಿಗೆ ಹಾಕಿದ್ರು, ಹಂಗಾಗಿ ಹೆಸರುಗಳು ಒಂದಕ್ಕೊಂದು ಸಂಬಂಧ ಇಲ್ದೆ ಬೆಳ್ಕೊಂಡಿವೆ. ಫ್ರೇಮ್, ಅಂದ್ರೆ ಒಂದು ಫಂಕ್ಷನ್ ಕರೆಯ ಮಾಹಿತಿ, ಇಡೋ ಸ್ಟ್ರಕ್ಟ್ ಹೆಸರು ಫ್ರೇಮ್_ಇನ್ಫೋ. ಅದರ ಪಾಯಿಂಟರಿಗೆ ಫ್ರೇಮ್_ಪಿ ಅಂತ ಟೈಪ್‌ಡೆಫ್, ಅಂದ್ರೆ ಟೈಪಿಗೆ ಅಡ್ಡಹೆಸರು (ಅಲಿಯಾಸ್), ಪಾಯಿಂಟರ್ ಅಂತ ತೋರ್ಸೋ ಸ್ಟಾರ್ (*) ಅದರೊಳಗೇ ಬಚ್ಚಿಟ್ಕೊಂಡಿದೆ. ಹೊಸ ಕೋಡ್ ಬರೆದವರು ಯಾರೋ ಶೇರ್ಡ್ ಪಾಯಿಂಟರಿಗೆ (ಒಂದೇ ಆಬ್ಜೆಕ್ಟಿಗೆ ಹಲವರು ಮಾಲೀಕರಾಗಿರೋ ಪಾಯಿಂಟರ್) ಫ್ರೇಮ್‌ಪಾಯಿಂಟರ್ ಅಂತ ಇನ್ನೊಂದು ಅಲಿಯಾಸ್ ಇಟ್ಟಿದಾರೆ, ಡಿಬಗ್ಗರ್ ಒಳಗೆ ಫ್ರೇಮ್ ಪಾಯಿಂಟರ್ ಅಂದ್ರೆ ಪ್ರೊಸೆಸರಿನ ಒಂದು ರಿಜಿಸ್ಟರ್ ಅಂತ ಅವರಿಗೆ ಹೊಳೀಲೇ ಇಲ್ವೋ ಏನೋ, ಕೋಡ್ ಓದೋರು ಒಂದು ಕ್ಷಣ ನಿಂತು ಇದು ಯಾವ್ದು ಅಂತ ಯೋಚನೆ ಮಾಡ್ಬೇಕು.

ಟೀಮಲ್ಲಿ ಒಬ್ರು ಒಂದೇ ಸೆಡ್ ಕಮಾಂಡಲ್ಲಿ (ಪದ ಹುಡುಕಿ ಬದಲಿಸೋ ಟೂಲ್) ಮುಗಿಸೋಣ ಅಂತಿದಾರೆ. ನಂಗೆ ಧೈರ್ಯ ಸಾಲ್ತಿಲ್ಲ. ಸೆಡ್ ಸಾಕಾ? ಎಲ್ಲಾ ಅಲಿಯಾಸ್ ತೆಗೀಬೇಕಾ, ಕೆಲವು ಬಿಡ್ಬೇಕಾ? ಗಿಟ್ ಬ್ಲೇಮ್ (ಯಾವ ಸಾಲು ಯಾರ ಯಾವ ಕಮಿಟಲ್ಲಿ ಬಂತು ಅಂತ ತೋರ್ಸೋದು) ಹಾಳಾಗುತ್ತೆ ಅನ್ನೋದು ಇನ್ನೊಂದು ತಲೆನೋವು.

ಹಳೇಸಿಕೈ

ಸೆಡ್ ಬೇಡ ಮಾರಾಯ್ರೆ. ಕಾನ್ಸ್ಟ್ (ಬದಲಿಸ್ಬಾರದು ಅನ್ನೋ ಗುರುತು) ಇರೋ ಜಾಗದಲ್ಲಿ ಸಿಕ್ಕಾಕ್ಕೊಳ್ತೀರ. "ಕಾನ್ಸ್ಟ್ ಫ್ರೇಮ್_ಪಿ ಎಫ್" ಅಂತ ಬರೆದಿದ್ರೆ ಅದು ಬದಲಾಗದ ಪಾಯಿಂಟರ್, ಅದು ತೋರ್ಸೋ ಫ್ರೇಮ್ ಮಾತ್ರ ಬದಲಾಗ್ಬಹುದು. ಸೆಡ್ ಹೋಗಿ ಅದನ್ನ "ಕಾನ್ಸ್ಟ್ ಫ್ರೇಮ್_ಇನ್ಫೋ *ಎಫ್" ಮಾಡುತ್ತೆ, ಅರ್ಥ ಪೂರ್ತಿ ಉಲ್ಟಾ, ಈಗ ಫ್ರೇಮ್ ಬದಲಾಗಲ್ಲ ಪಾಯಿಂಟರ್ ಬದಲಾಗುತ್ತೆ. ಸರಿಯಾಗಿ ಬಿಡ್ಸಿದ್ರೆ "ಫ್ರೇಮ್_ಇನ್ಫೋ *ಕಾನ್ಸ್ಟ್ ಎಫ್" ಆಗ್ಬೇಕು. ಫೀಲ್ಡಿಗೆ ಏನಾದ್ರೂ ಬರೆಯೋ ಕಡೆ ಕಂಪೈಲರ್ ಬೈಯುತ್ತೆ, ಅದು ಒಳ್ಳೇದೇ. ಬರೀ ಓದೋ ಕಡೆ ಸುಮ್ನೆ ಕಂಪೈಲ್ ಆಗೋಗುತ್ತೆ, ಅದರಲ್ಲೂ ಒಂದೇ ಮೆಥಡ್‌ಗೆ ಕಾನ್ಸ್ಟ್ ಇರೋದು ಇಲ್ದಿರೋದು ಅಂತ ಎರಡು ಓವರ್‌ಲೋಡ್ ಇದ್ರೆ ಸದ್ದಿಲ್ದೆ ಇನ್ನೊಂದಕ್ಕೆ ಹೋಗಿ ಕೂರುತ್ತೆ. ಆಮೇಲೆ ಹುಡುಕ್ತಾ ಕೂತ್ಕೊಳ್ಳಿ.

ಇನ್ನೊಂದು, "ಫ್ರೇಮ್_ಪಿ ಎ, ಬಿ;" ಅಂದ್ರೆ ಎರಡೂ ಪಾಯಿಂಟರ್. ಸ್ಟಾರ್ ಹೊರಗೆ ತಂದ್ರೆ ಎ ಮಾತ್ರ ಪಾಯಿಂಟರ್, ಬಿ ನೇರ ಆಬ್ಜೆಕ್ಟ್.

ಮೊದ್ಲು ಕೋಡ್ ತಪಾಸಣೆ ಮಾಡೋ ಕ್ಲ್ಯಾಂಗ್-ಟೈಡಿ ಹಾಕಿ, ಅದರಲ್ಲಿ ಮಿಸ್ಕ್-ಮಿಸ್‌ಪ್ಲೇಸ್ಡ್-ಕಾನ್ಸ್ಟ್ ಅಂತ ಒಂದು ಚೆಕ್ ಇದೆ, ಪಾಯಿಂಟರ್ ಟೈಪ್‌ಡೆಫ್ ಮೇಲೆ ಕಾನ್ಸ್ಟ್ ಕೂತಿರೋ ಜಾಗಾನ ಅದು ಹಿಡಿದು ಕೊಡುತ್ತೆ. ಆ ಜಾಗಗಳನ್ನ ಕೈಯಲ್ಲೇ ನೋಡಿ. ಬರೆದವರಿಗೆ ಬೇಕಾಗಿದ್ದು ಯಾವ್ದು ಅಂತ ಟೂಲ್ ಹೇಳಲ್ಲ, ನೀವೇ ತೀರ್ಮಾನ ಮಾಡ್ಬೇಕು. ನನ್ ಅನುಭವದಲ್ಲಿ ಹೆಚ್ಚಿನ ಕಡೆ ಬರೆದವರ ಮನಸ್ಸಲ್ಲಿ ಇದ್ದಿದ್ದು ಫ್ರೇಮ್ ಬದಲಾಗ್ಬಾರದು ಅನ್ನೋ ಅರ್ಥವೇ, ಆದ್ರೂ ಅದನ್ನ ಸರಿ ಮಾಡೋದು ಬೇರೆ ಕಮಿಟ್‌ನಲ್ಲಿ ಇರ್ಲಿ.

ನಿದ್ದೆಗೆಟ್ಟಲಿಂಕರ್

ಓಡ್ತಿರೋ ಕೋಡ್ ಯಾಕ್ ಮುಟ್ತೀರಿ ಸರ್, ಹೆಸರು ಚೆನ್ನಾಗಿಲ್ಲ ಅಂತ ಯಾವ ಯೂಸರ್ ಆದ್ರೂ ಬಗ್ ಹಾಕಿದಾರಾ?

ಮಧ್ಯರಾತ್ರಿಬಿಲ್ಡ್

@ನಿದ್ದೆಗೆಟ್ಟಲಿಂಕರ್ ಯೂಸರ್ ಹಾಕಲ್ಲ ಬಿಡಿ, ಆದ್ರೆ ಹೆಸರಿನಿಂದಾನೇ ಹುಟ್ಟೋ ಬಗ್ ಇದಾವೆ. ಜಿಡಿಬಿ ಅನ್ನೋ ಡಿಬಗ್ಗರನ್ನೇ ನೋಡಿ, ಫ್ರೇಮ್_ಇನ್ಫೋ ಕಚ್ಚಾ ಪಾಯಿಂಟರ್ ಕೈಯಲ್ಲಿ ಹಿಡ್ಕೊಂಡು ಮಧ್ಯದಲ್ಲಿ ಇನ್ಫೀರಿಯರ್ (ಡಿಬಗ್ ಆಗ್ತಿರೋ ಪ್ರೋಗ್ರಾಂ) ಒಳಗಿನ ಫಂಕ್ಷನ್ ಏನಾದ್ರೂ ಕರೆದ್ರೆ ಫ್ರೇಮ್ ಕ್ಯಾಶ್ ಖಾಲಿಯಾಗಿ ಆ ಪಾಯಿಂಟರ್ ಈಗಿಲ್ಲದ ಫ್ರೇಮ್ ಕಡೆ ತೋರ್ಸ್ತಾ ನೇತಾಡ್ತಿತ್ತು. 2022ರಲ್ಲಿ ಅವರು ಫ್ರೇಮ್_ಇನ್ಫೋ_ಪಿಟಿಆರ್ ಅಂತ ಒಂದು ಕ್ಲಾಸ್ ತಂದು ಎಲ್ಲಾ ಕಡೆ ಅದನ್ನೇ ಹಾಕಿದ್ರು. ನೋಡೋಕೆ ಟೈಪ್‌ಡೆಫ್ ತರ ಕಾಣುತ್ತೆ, ಒಳಗೆ ಬುದ್ಧಿ ಇರೋ ಕ್ಲಾಸ್ ಅದು. ಅದಕ್ಕೇ ನಿಮ್ ಫ್ರೇಮ್_ಪಿ ನೋಡಿದೋರಿಗೆ ಇದು ಕಚ್ಚಾನಾ ಸುರಕ್ಷಿತಾನಾ ಅಂತ ಗೊತ್ತಾಗ್ಬೇಕು, ಈಗ ಗೊತ್ತಾಗಲ್ಲ.

ಸಿಗ್ನಲ್11 ಅವರೇ, ಎಲ್ಲಾ ಅಲಿಯಾಸ್ ಕಿತ್ತಾಕ್ಬೇಡಿ. ಸ್ಟಾರ್ ಬಚ್ಚಿಡೋಕೆ ಅಂತಾನೇ ಇರೋದು ಹೋಗ್ಲಿ. ಆದ್ರೆ ಎಲ್‌ಎಲ್‌ಡಿಬಿ ಅನ್ನೋ ಇನ್ನೊಂದು ಡಿಬಗ್ಗರಲ್ಲಿ ಟಾರ್ಗೆಟ್‌ಎಸ್‌ಪಿ, ಪ್ರಾಸೆಸ್‌ಡಬ್ಲ್ಯೂಪಿ ಅಂತ ಇರ್ತಾವಲ್ಲ, ಎಸ್‌ಪಿ ಅಂದ್ರೆ ಶೇರ್ಡ್, ಡಬ್ಲ್ಯೂಪಿ ಅಂದ್ರೆ ವೀಕ್, ಯುಪಿ ಅಂದ್ರೆ ಯೂನಿಕ್, ಅವು ಯಾರು ಮಾಲೀಕ ಅಂತ ಹೆಸರಲ್ಲೇ ಹೇಳ್ತಾವೆ, ಎಲ್ಲಾ ಒಂದೇ ಫಾರ್ವರ್ಡ್ ಹೆಡರಲ್ಲಿ ಕೂತಿವೆ. ಆ ತರ ಇಟ್ಕೊಂಡ್ರೆ ನಿಮ್ ಫ್ರೇಮ್‌ಪಾಯಿಂಟರ್ ಹೋಗಿ ಫ್ರೇಮ್‌ಎಸ್‌ಪಿ ಆಗುತ್ತೆ, ರಿಜಿಸ್ಟರ್ ಜೊತೆ ಗೊಂದಲಾನೂ ಇರಲ್ಲ.

ಮುಟ್ಟಲೇಬಾರದ್ದು ಅಂದ್ರೆ ಅಡ್ರೆಸ್ ಟೈಪ್. ಜಿಡಿಬಿ ನಲ್ಲಿ ಕೋರ್_ಅಡ್ರ್, ಎಲ್‌ಎಲ್‌ಡಿಬಿ ನಲ್ಲಿ ಅಡ್ರ್_ಟಿ. ಅವು ಪಾಯಿಂಟರ್ ಅಲ್ಲ, ಡಿಬಗ್ ಆಗ್ತಿರೋ ಪ್ರೋಗ್ರಾಂ ಒಳಗಿನ ವಿಳಾಸವನ್ನ ಬರೀ ನಂಬರ್ ಆಗಿ ಇಟ್ಕೊಳ್ಳೋದು. 32 ಬಿಟ್ ಮಷಿನಲ್ಲಿ ಕೂತು 64 ಬಿಟ್ ಟಾರ್ಗೆಟ್ ಡಿಬಗ್ ಮಾಡ್ಬಹುದು, ಆಗ ಹೋಸ್ಟ್ ಪಾಯಿಂಟರಲ್ಲಿ ಆ ವಿಳಾಸ ಹಿಡಿಯೋದೇ ಇಲ್ಲ. ಯಾರಾದ್ರೂ ಉತ್ಸಾಹದಲ್ಲಿ ಇದನ್ನ ವಾಯ್ಡ್ ಸ್ಟಾರ್ ಮಾಡೋಣ ಅಂದ್ರೆ ರಿವ್ಯೂನಲ್ಲೇ ನಿಲ್ಸಿ. ನಿಮ್ ಕೋಡಲ್ಲಿ ವಿಳಾಸಕ್ಕೆ ಬರೀ ಅನ್‌ಸೈನ್ಡ್ ಲಾಂಗ್ ಹಾಕಿದ್ರೆ ಅಲ್ಲಿ ಹೊಸ ಅಲಿಯಾಸ್ ಸೇರ್ಸೋದೇ ನಿಜವಾದ ರಿಫ್ಯಾಕ್ಟರಿಂಗ್, 64 ಬಿಟ್ ವಿಂಡೋಸಲ್ಲಿ ಲಾಂಗ್ ಇನ್ನೂ 32 ಬಿಟ್ಟೇ.

ಸಿಗ್ನಲ್11

ಅನ್‌ಸೈನ್ಡ್ ಲಾಂಗ್ ಇದೆ, ಬೇಕಾದಷ್ಟು ಕಡೆ ಇದೆ 😅 ಅದು ಗಮನಕ್ಕೇ ಬಂದಿರ್ಲಿಲ್ಲ, ಥ್ಯಾಂಕ್ಸ್ ಮೇಡಂ. ಸರಿ, ಬದಲಾವಣೆ ಮಾಡಿದ್ಮೇಲೆ ಏನೂ ಮುರೀಲಿಲ್ಲ ಅಂತ ಹೆಂಗೆ ಖಾತ್ರಿ ಮಾಡ್ಕೊಳ್ಳೋದು? ಟೆಸ್ಟ್ ಇವೆ ಆದ್ರೆ ಡಿಬಗ್ಗರ್ ಟೆಸ್ಟ್ ಗೊತ್ತಲ್ಲ, ಇವತ್ತು ಪಾಸ್ ನಾಳೆ ಫೇಲ್.

ಬಾರಿಸುಬೈಟು

ಇದಕ್ಕೆ ಟೆಸ್ಟಿಗಿಂತ ಗಟ್ಟಿ ದಾರಿ ಇದೆ. ಟೈಪ್‌ಡೆಫ್ ಅನ್ನೋದು ಕಂಪೈಲರಿಗೆ ಬರೀ ಅಡ್ಡಹೆಸರು, ಸಿಂಬಲ್ ಹೆಸರಲ್ಲಿ (ಲಿಂಕರ್ ನೋಡೋ ಹೆಸರು) ಅದು ಬರೋದೇ ಇಲ್ಲ. ಹಂಗಾಗಿ ಅಲಿಯಾಸ್ ಬಿಡ್ಸೋ ಕಮಿಟ್ ಅರ್ಥ ಬದಲಿಸಿಲ್ಲ ಅಂದ್ರೆ ಮುಂಚಿನ ಆಬ್ಜೆಕ್ಟ್ ಫೈಲು, ಆಮೇಲಿನ ಆಬ್ಜೆಕ್ಟ್ ಫೈಲು ಬೈಟಿಗೆ ಬೈಟು ಒಂದೇ ಇರ್ಬೇಕು. ಡಿಬಗ್ ಮಾಹಿತಿ ಸೇರ್ಸೋ ಮೈನಸ್ ಜಿ ಆಯ್ಕೆ ಇಲ್ದೆ ಬಿಲ್ಡ್ ಮಾಡಿ (ಡ್ವಾರ್ಫ್ ಅನ್ನೋ ಆ ಮಾಹಿತಿ ಒಳಗೆ ಟೈಪ್‌ಡೆಫ್ ಎಂಟ್ರಿ ಇರುತ್ತೆ, ಅದಂತೂ ಬದಲಾಗೇ ಆಗುತ್ತೆ), ಅಸರ್ಟ್ (ಓಡುವಾಗಿನ ತಪಾಸಣೆ) ಆಫ್ ಮಾಡಿ ಯಾಕಂದ್ರೆ ಅಸರ್ಟಲ್ಲಿ ಲೈನ್ ನಂಬರ್ ಸೇರ್ಕೊಂಡಿರುತ್ತೆ, ಆಮೇಲೆ ಎರಡು ಫೈಲ್ ಹೋಲ್ಸೋ ಸಿಎಂಪಿ ಓಡ್ಸಿ. ಯಾವ ಫೈಲ್ ಬೇರೆ ಬಂತೋ ಅಲ್ಲೇ ಕಾನ್ಸ್ಟ್ ಪೆಟ್ಟು ಬಿದ್ದಿರೋ ಸಾಧ್ಯತೆ ಜಾಸ್ತಿ, ಮೊದ್ಲು ಅದನ್ನೇ ತೆಗೆದು ನೋಡಿ.

ಸ್ಟ್ರಕ್ಟ್ ಹೆಸರೇ ಬದಲಿಸಿದ್ರೆ ಈ ಆಟ ನಡೆಯಲ್ಲ, ಸಿಂಬಲ್‌ಗಳು ಬದಲಾಗ್ತಾವೆ. ಅದಕ್ಕೇ ಅಲಿಯಾಸ್ ಒಂದು ಕಮಿಟ್, ರಿನೇಮ್ ಇನ್ನೊಂದು, ಕ್ಲ್ಯಾಂಗ್-ಫಾರ್ಮ್ಯಾಟ್ (ಕೋಡ್ ಜೋಡಣೆ ಸರಿ ಮಾಡೋ ಟೂಲ್) ಮೂರನೇದು. ಪ್ಲಗಿನ್ ಬರೆಯೋರಿಗೆ ಹೊರಗಡೆ ಕೊಟ್ಟಿರೋ ಎಪಿಐ ಇದ್ರೆ ರಿನೇಮ್ ಅಂದ್ರೆ ಎಬಿಐ (ಕಂಪೈಲ್ ಆದ ಕೋಡ್‌ಗಳ ನಡುವಿನ ಹೊಂದಾಣಿಕೆ) ಮುರಿದಂಗೆ, ಹುಷಾರು. ಸ್ಟ್ರಕ್ಟ್ ಅಂತ ಇದ್ದಿದ್ದನ್ನ ಕ್ಲಾಸ್ ಅಂತ ಮಾಡಿದ್ರೂ ಮೈಕ್ರೋಸಾಫ್ಟ್ ಕಂಪೈಲರಲ್ಲಿ ಸಿಂಬಲ್ ಬೇರೆ ಆಗುತ್ತೆ.

ರಿನೇಮಿಗೆ ಎಡಿಟರ್ ಹಿಂದೆ ಕೆಲಸ ಮಾಡೋ ಕ್ಲ್ಯಾಂಗ್‌ಡಿ ಚೆನ್ನಾಗಿದೆ ಆದ್ರೆ ಅದು ನೋಡೋದು ನೀವು ಕಂಪೈಲ್ ಮಾಡೋ ಕೋಡ್ ಮಾತ್ರ. ಡಿಬಗ್ಗರ್ ಅಂದ್ಮೇಲೆ ಒಂದೊಂದು ಓಎಸ್‌ಗೆ ಒಂದೊಂದು ಫೈಲು, ಲಿನಕ್ಸಲ್ಲಿ ಕೂತು ರಿನೇಮ್ ಮಾಡಿದ್ರೆ ವಿಂಡೋಸ್ ಫೈಲು, ಫ್ರೀಬಿಎಸ್‌ಡಿ ಫೈಲು ಹಂಗೇ ಉಳಿದಿರ್ತಾವೆ, ಇಫ್‌ಡೆಫ್ (ಷರತ್ತು ಹೊಂದಿದ್ರೆ ಮಾತ್ರ ಕಂಪೈಲ್ ಆಗೋ ಭಾಗ) ಒಳಗಿರೋದೂ ಅಷ್ಟೇ. ಕೊನೇಲಿ ಗ್ರೆಪ್ ಮಾಡಿ ಹೆಸರು ಹುಡುಕ್ಲೇಬೇಕು, ಸ್ವಿಗ್ (ಸಿ++ ಕೋಡನ್ನ ಪೈಥಾನಂಥ ಭಾಷೆಗೆ ಜೋಡ್ಸೋ ಟೂಲ್) ಇಂಟರ್‌ಫೇಸ್ ಫೈಲು, ಪೈಥಾನ್ ಸ್ಕ್ರಿಪ್ಟ್, ಡಾಕ್ಯುಮೆಂಟ್ ಎಲ್ಲಾ ಸೇರ್ಸಿ. ಪ್ರೆಟಿ ಪ್ರಿಂಟರ್ (ಡಿಬಗ್ಗರಲ್ಲಿ ಡೇಟಾನ ಓದೋ ಹಾಗೆ ತೋರ್ಸೋ ಸ್ಕ್ರಿಪ್ಟ್) ಇದ್ರೆ ಅದೊಂದು ಬೇರೇನೇ ಕಥೆ, ಅದು ಟೈಪ್ ಹೆಸರನ್ನ ಸ್ಟ್ರಿಂಗ್ ಆಗಿ ಹೋಲ್ಸುತ್ತೆ, ಹೆಸರು ಬದಲಾದ್ರೆ ಎರರ್ ಬರಲ್ಲ, ಚಂದವಾಗಿ ಒಂದೇ ಸಾಲಲ್ಲಿ ಬರ್ತಿದ್ದಿದ್ದು ಕಚ್ಚಾ ಫೀಲ್ಡ್‌ಗಳಾಗಿ ಸುರಿಯುತ್ತೆ ಅಷ್ಟೇ. ಡಿಬಗ್ಗರನ್ನೇ ಡಿಬಗ್ಗರಲ್ಲಿ ಹಾಕಿ ನೋಡೋವರೆಗೂ ಯಾರಿಗೂ ಗೊತ್ತಾಗಲ್ಲ.

ಕೆಲಸ ಮುಗಿಯೋವರೆಗೂ ಹಳೇ ಹೆಸರಿಗೆ ಡೆಪ್ರಿಕೇಟೆಡ್ ಅಟ್ರಿಬ್ಯೂಟ್ ಹಾಕಿಡಿ, ಬೇರೆಯವರ ಬ್ರಾಂಚ್ ಬಂದು ಸೇರಿದಾಗ ವಾರ್ನಿಂಗ್ ಬರುತ್ತೆ. ಪೂರ್ತಿ ತೆಗೆದ್ಮೇಲೆ ಪ್ರಾಗ್ಮಾ ಜಿಸಿಸಿ ಪಾಯ್ಸನ್ ಫ್ರೇಮ್_ಪಿ ಅಂತ ಒಂದು ಸಾಲು ಕಾಮನ್ ಹೆಡರಲ್ಲಿ ಇಟ್ರೆ ಅಲ್ಲಿಂದ ಮುಂದೆ ಯಾರು ಆ ಹೆಸರು ಬರೆದ್ರೂ ಬಿಲ್ಡ್ ಅಲ್ಲೇ ನಿಲ್ಲುತ್ತೆ, ಕ್ಲ್ಯಾಂಗೂ ಇದನ್ನ ಒಪ್ಪುತ್ತೆ.

ಬ್ಲೇಮ್ ಬಗ್ಗೆ ತಲೆ ಕೆಡಿಸ್ಕೋಬೇಡಿ. ಎಲ್‌ಎಲ್‌ಡಿಬಿ ಅವರು 2016ರಲ್ಲಿ ಇಡೀ ಸೋರ್ಸ್ ಒಂದೇ ಕಮಿಟಲ್ಲಿ ರೀಫಾರ್ಮ್ಯಾಟ್ ಮಾಡಿದ್ರು, ಪ್ರಾಜೆಕ್ಟ್ ಏನೂ ಮುಳುಗ್ಲಿಲ್ಲ. ಗಿಟ್ 2.23ರಿಂದ ಬ್ಲೇಮಿಗೆ ಇಗ್ನೋರ್-ರೆವ್ ಇದೆ, ಆ ಕಮಿಟ್‌ಗಳ ಹ್ಯಾಶ್ ಒಂದು ಫೈಲಲ್ಲಿ ಹಾಕಿ ಕಾನ್ಫಿಗಲ್ಲಿ ತೋರ್ಸಿದ್ರೆ ಬ್ಲೇಮ್ ಅವನ್ನ ದಾಟಿ ಹಿಂದಿನ ಕಮಿಟ್ ತೋರ್ಸುತ್ತೆ.

ನಿದ್ದೆಗೆಟ್ಟಲಿಂಕರ್

ಆಬ್ಜೆಕ್ಟ್ ಫೈಲ್ ಸಿಎಂಪಿ ಮಾಡೋದು ಚೆನ್ನಾಗಿದೆ, ಅಷ್ಟು ಖಾತ್ರಿ ಇದ್ರೆ ನಂದೇನೂ ತಕರಾರಿಲ್ಲ. ಆದ್ರೆ ಆ ಅನ್‌ಸೈನ್ಡ್ ಲಾಂಗ್ ಬದಲಿಸೋದು ಅದರ ಜೊತೆ ಸೇರ್ಸ್ಬೇಡಿ, ಅದ್ರಲ್ಲಿ ಪ್ರಿಂಟ್ಎಫ್ ಫಾರ್ಮ್ಯಾಟ್ ಎಲ್ಲಾ ಬದಲಾಗುತ್ತೆ, ಬೈಟೂ ಒಂದೇ ಇರಲ್ಲ.

ಸಿಗ್ನಲ್11

ಹೌದು, ಅದು ಬೇರೆ ಬ್ರಾಂಚಲ್ಲೇ. ಮೊದ್ಲು ಟೈಡಿ ಚೆಕ್ ಓಡ್ಸಿ ಕಾನ್ಸ್ಟ್ ಎಲ್ಲೆಲ್ಲಿದೆ ಅಂತ ಪಟ್ಟಿ ತೆಗೀತೀನಿ, ಸೆಡ್ ಅಂದವರಿಗೆ ಆ ಪಟ್ಟಿನೇ ಕಳಿಸ್ತೀನಿ.