ಕಪ್ಪಡೋಕಿಯದಲ್ಲಿ ಎರಡು ದಿನ: ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ:
ನಮಸ್ಕಾರ. ಟರ್ಕಿ ಪ್ರವಾಸದಲ್ಲಿ ಕಪ್ಪಡೋಕಿಯಕ್ಕೆ ಎರಡು ದಿನ ಮೀಸಲಿಟ್ಟಿದ್ದೇವೆ. ಬಂಡೆಯಲ್ಲಿ ಕೊರೆದ ಚರ್ಚುಗಳನ್ನೂ ಕಣಿವೆಗಳನ್ನೂ ಗೈಡ್ ಜೊತೆ ಸಾವಕಾಶವಾಗಿ ನೋಡುವ ಆಸೆಯಿದೆ. ಆದರೆ ಅಮ್ಮನಿಗೆ ಮಂಡಿನೋವು. ಬಲ್ಲವರು ದಯವಿಟ್ಟು ಸಲಹೆ ನೀಡಿ.

ಉತ್ತರ 1:
ಮೊದಲ ದಿನವನ್ನು ಗೊರೆಮೆ ಊರಿನ ಬಳಿ ಬಂಡೆ ಚರ್ಚುಗಳೇ ತುಂಬಿರುವ ಬಯಲು ವಸ್ತುಸಂಗ್ರಹಾಲಯಕ್ಕೇ ಕೊಡಿ. 1985ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪ್ರದೇಶದ ತಿರುಳು ಅದೇ. ಅಲ್ಲಿನ ಕತ್ತಲ ಚರ್ಚಿಗೆ ಪ್ರತ್ಯೇಕ ಟಿಕೆಟ್ ಬೇಕು, ಆದರೂ ತಪ್ಪಿಸಬೇಡಿ. ಪುಟ್ಟ ಕಿಂಡಿಯೊಂದರಿಂದ ಮಾತ್ರ ಬೆಳಕು ಒಳಬರುವುದರಿಂದ ಭಿತ್ತಿಚಿತ್ರಗಳ ಬಣ್ಣ ಶತಮಾನಗಳು ಕಳೆದರೂ ಮಾಸಿಲ್ಲ. ತೋಕಾಲಿ ಚರ್ಚು ಮುಖ್ಯದ್ವಾರದ ಹೊರಗಿರುವುದರಿಂದ ಎಷ್ಟೋ ಜನ ನೋಡದೆಯೇ ಮರಳುತ್ತಾರೆ. ಕ್ರಿಸ್ತನ ಜೀವನದ ಪ್ರಸಂಗಗಳ ಹಿಂದೆ ಗೋಡೆಯುದ್ದಕ್ಕೂ ಹರಡಿರುವ ಆ ಗಾಢ ನೀಲಿಗಾಗಿಯೇ ಅಲ್ಲಿಗೆ ಹೋಗಬೇಕು. ಚರ್ಚುಗಳ ಒಳಗೆ ಫೋಟೋ ತೆಗೆಯುವಂತಿಲ್ಲ.

ಉತ್ತರ 2:
ಇಹ್ಲಾರಾ ಕಣಿವೆಯ ಮುಖ್ಯ ಪ್ರವೇಶದಲ್ಲಿ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು ಇಳಿಯಬೇಕಾಗುತ್ತದೆ. ಆದ್ದರಿಂದ ಅಮ್ಮನವರನ್ನು ವಾಹನದಲ್ಲಿ ನೇರವಾಗಿ ಕಣಿವೆಯೊಳಗಿನ ಬೆಲಿಸಿರ್ಮಾ ಹಳ್ಳಿಗೆ ಕರೆದೊಯ್ಯಿರಿ; ಮೆಲೆಂಡಿಜ್ ನದಿಯ ದಡದಲ್ಲೇ ಕುಳಿತು ಊಟ ಮಾಡಬಹುದು, ಅಷ್ಟರಲ್ಲಿ ಉಳಿದವರು ನಡೆದು ಬರಬಹುದು. ಡೆರಿನ್‌ಕುಯು ಭೂಗತ ನಗರದ ಸುರಂಗಗಳಲ್ಲಿ ಬಗ್ಗಿಕೊಂಡೇ ಸಾಗಬೇಕು, ಅಮ್ಮನವರಿಗೆ ಅದು ಬೇಡ.

ಉತ್ತರ 3:
ಸಂಜೆಗೆ ಕೆಂಪು ಕಣಿವೆಯ ಅಂಚಿಗೆ ಹೋಗಿ. ಈ ಪ್ರದೇಶದಲ್ಲಿ ಎರ್ಜಿಯೆಸ್, ಹಸನ್ ಮೊದಲಾದ ಜ್ವಾಲಾಮುಖಿಗಳು ಉಗುಳಿದ ಬೂದಿ ಗಟ್ಟಿಯಾಗಿ ಮೆದು ಕಲ್ಲಾದದ್ದರಿಂದಲೇ ಕ್ರೈಸ್ತ ಸನ್ಯಾಸಿಗಳು ಅದನ್ನು ಕೈ ಉಪಕರಣಗಳಿಂದ ಕೊರೆಯಲು ಸಾಧ್ಯವಾಯಿತು. ಗೈಡ್ ಗೊತ್ತುಮಾಡುವಾಗ ರತ್ನಗಂಬಳಿಯ ಅಂಗಡಿಗಳಲ್ಲಿ ನಿಲ್ಲಿಸಬಾರದೆಂದು ಮುಂಚೆಯೇ ಹೇಳಿ. ಆ ಸಮಯ ಕಣಿವೆಗೆ ಸಲ್ಲಬೇಕು.